ಹಡಗಲಿಯ ಯಂತ್ರ ಕೊಟ್ಟ ಉತ್ತರ

ದೆವ್ವ, ಗಾಳಿ ಸೋಕುವುದು, ಸತ್ತವರು ಕನಸಿನಲ್ಲಿ ಬಂದು ಹೇಳುವುದು, ಇಂಥ ಯಾವುದನ್ನೂ ನಾನು ನಂಬಿದವಳಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಇದ್ದದ್ದು ಬುದ್ಧನ ಒಂದು ಕ್ಯಾಲೆಂಡರ್ ಚಿತ್ರ ಮಾತ್ರ. ಅಮಾವಾಸ್ಯೆಗೆ ಬಾಗಿಲಿಗೆ ನಿಂಬೆಹಣ್ಣು ಕಟ್ಟುವವರನ್ನು ಕಂಡರೆ ಅಪ್ಪ ನಗುತ್ತಿದ್ದ, ಅವನ ಜೊತೆ ನಾನೂ ನಗುತ್ತಿದ್ದೆ. ಮುಂದೆ ಕಂಪ್ಯೂಟರ್ ಕೆಲಸಕ್ಕೆ ಸೇರಿದ ಮೇಲಂತೂ ಈ ಅಪನಂಬಿಕೆ ಇನ್ನೂ ಗಟ್ಟಿಯಾಯಿತು. ಯಂತ್ರ ವಿಚಿತ್ರವಾಗಿ ಆಡಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಸಿಗಲಿಲ್ಲವೆಂದರೆ ಹುಡುಕಿದವರು ಸೋಮಾರಿಗಳು ಎಂದು ಎಷ್ಟೋ ಜನರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೇನೆ. ಅಂಥವಳು ಈಗ ಇದನ್ನು ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನನಗೆ ನಾಚಿಕೆಯಾಗುವ ಭಾಗವನ್ನೂ ಬಿಡದೆ.

ನನ್ನ ಅಪ್ಪ ದುರುಗಪ್ಪ ಕೊಟ್ಟೂರಿನ ಒಂದು ಲಾರಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಕಾರ್ಡು ಬರೆದವನು. ಅಂಗಡಿಯ ಯಜಮಾನರನ್ನು ಎಲ್ಲರೂ ಸಾವ್ಕಾರರು ಎನ್ನುತ್ತಿದ್ದರು. ಕೊಟ್ಟೂರಲ್ಲದೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲೂ ಅವರ ಅಂಗಡಿಗಳಿದ್ದವು. ಐದೂ ಅಂಗಡಿಗಳ ಸಾಮಾನಿಗೆ ಒಂದೊಂದು ನಂಬರು, ನಂಬರಿಗೊಂದು ಕಾರ್ಡು. ಸಾಮಾನು ಯಾವ ಊರಿನಲ್ಲಿ ಎಲ್ಲಿದೆ, ಎಷ್ಟಿದೆ ಎಂಬುದು ಆ ಕಾರ್ಡಿನಲ್ಲಿ. ಹರಪನಹಳ್ಳಿಯಿಂದ ಫೋನು ಬಂದು ಒಂದು ನಂಬರು ಹೇಳಿದರೆ ಅಪ್ಪ ಡ್ರಾಯರಿಗೆ ಕೈ ಹಾಕುವ ಮೊದಲೇ, "ಕೂಡ್ಲಿಗ್ಯಾಗ ಐತಿ, ಎರಡನೇ ಸಾಲು, ಮೂರು ಅದಾವ" ಎನ್ನುತ್ತಿದ್ದ. ಆಮೇಲೆ ಕಾರ್ಡು ತೆಗೆದು ನೋಡುತ್ತಿದ್ದ. ತಪ್ಪಿದ್ದು ನನಗೆ ನೆನಪಿಲ್ಲ. ಬಜಾರಿನಲ್ಲಿ ಅವನನ್ನು ಕಾರ್ಡಿನ ದುರುಗಪ್ಪ ಎಂದೇ ಕರೆಯುತ್ತಿದ್ದರು, ಆ ಹೆಸರು ಅವನಿಗೆ ಇಷ್ಟವಾಗಿತ್ತು.

ಅವನದೊಂದು ಪದ್ಧತಿ ಇತ್ತು. ಸಾಮಾನು ಮುಗಿದುಹೋದರೆ, ಇಲ್ಲವೇ ಕೆಟ್ಟದ್ದೆಂದು ವಾಪಸು ಕಳಿಸುವುದಿದ್ದರೆ, ಅದರ ಕಾರ್ಡನ್ನು ಹರಿಯುತ್ತಿರಲಿಲ್ಲ. ತಲೆಕೆಳಗಾಗಿ ತಿರುವಿ ಅದೇ ಜಾಗದಲ್ಲಿ ಇಡುತ್ತಿದ್ದ. "ಹರದ್ರ ಏನಾಗತೈತಿ ಗೊತ್ತೇನು? ಇನ್ನೊಂದು ಊರಾಗ ಹಳೇ ಚೀಟಿ ಇಟ್ಕಂಡಿರತಾರ. ಇಲ್ಲಿ ಕಾರ್ಡು ಇಲ್ಲಲ್ಲ ಅಂತ ಹೊಸಾದು ಬರದು ಇಡತಾರ. ಸತ್ತದ್ದು ಎದ್ದು ಕುಂದರತೈತಿ" ಎಂದು ನನಗೆ ಹೇಳಿದ್ದ. ಐದೂ ಊರಿಗೆ ಸುದ್ದಿ ಮುಟ್ಟಿ, ಎಲ್ಲರ ಹತ್ತಿರ ಇರುವ ಚೀಟಿಗಳು ಬದಲಾಗುವ ತನಕ ಆ ಕಾರ್ಡು ತಲೆಕೆಳಗಾಗಿಯೇ ಇರಬೇಕು. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಅಂಗಡಿ ತೊಳೆಯುವಾಗ ಮಾತ್ರ ಅವನ್ನು ತೆಗೆದು ಸುಡುವುದು. ಪ್ರತಿ ಕಾರ್ಡಿನ ಕೊನೆಯಲ್ಲಿ 'ಕೈ' ಎಂದು ಬರೆದು, ಅದರಲ್ಲಿ ಕೊನೆಗೆ ಬರೆದವರ ಹೆಸರು ಹಾಕುವುದೂ ಅವನು ಮಾಡಿದ ಪದ್ಧತಿಯೇ. ನನಗೆ ಕಂಪ್ಯೂಟರಿನ ಮೊದಲ ಪರಿಚಯ ಆದದ್ದೂ ಅದೇ ಅಂಗಡಿಯಲ್ಲಿ. ಡಿಗ್ರಿ ಓದುವಾಗ ಒಂದು ಬೇಸಿಗೆ ರಜೆಯಲ್ಲಿ, ಸಾವ್ಕಾರರು ತಂದಿಟ್ಟ ಕಂಪ್ಯೂಟರಿಗೆ ಅಪ್ಪನ ಕಾರ್ಡುಗಳನ್ನು ಟೈಪ್ ಮಾಡುವ ಕೆಲಸ ಮಾಡಿದ್ದೆ.

ಆ ರಜೆ ಮುಗಿದು ಮೂರ್ನಾಲ್ಕು ತಿಂಗಳಿಗೆ ಒಂದು ಲಾರಿ ಕೂಡ್ಲಿಗಿ ಕಡೆಯ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಉರುಳಿತು. ಡ್ರೈವರ್ ಹನುಮಂತಪ್ಪ ತಂಬ್ರಹಳ್ಳಿಯವನು. ಜೀವ ಉಳಿಯಿತು, ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಹಿಂದಿನ ವಾರ ಆ ಲಾರಿಗೆ ಹಾಕಿದ್ದ ಬ್ರೇಕ್ ಸಿಲಿಂಡರ್ ನಮ್ಮ ಸಾವ್ಕಾರರ ಹಡಗಲಿ ಅಂಗಡಿಯದು. ಒಳಗಿನ ರಬ್ಬರು ಊದಿಕೊಳ್ಳುತ್ತದೆ ಎಂದು ವಾಪಸು ಕಳಿಸಲು ಹಿಂದಿನ ಕೋಣೆಯಲ್ಲಿ ಇಟ್ಟಿದ್ದ ಮಾಲು ಅದು. ಕೊಡುವ ಮುಂಚೆ ಹಡಗಲಿಯವರು ಕೊಟ್ಟೂರಿಗೆ ಫೋನು ಮಾಡಿ ಕೇಳಿದ್ದರು. ಅವತ್ತು ಅಪ್ಪ ಜ್ವರ ಬಂದು ಮನೆಯಲ್ಲಿ ಮಲಗಿದ್ದ. ಕಂಪ್ಯೂಟರ್ ಬಂದಿದ್ದರೂ ಆಗಿನ್ನೂ ಎಲ್ಲರೂ ನೋಡುತ್ತಿದ್ದದ್ದು ಡ್ರಾಯರನ್ನೇ, ಅದನ್ನು ತೆಗೆದು ನೋಡಿದವನು ಮ್ಯಾನೇಜರ್ ವೀರಣ್ಣ. ಕಾರ್ಡು ನೆಟ್ಟಗೆ ಇತ್ತಂತೆ. "ಐತಿ, ಕೊಡ್ರಿ" ಎಂದು ಹೇಳಿದನಂತೆ.

ವಿಚಾರಣೆ ಅಂಗಡಿಯಲ್ಲೇ ಆಯಿತು. ಜ್ವರದಿಂದ ಎದ್ದ ಅಪ್ಪನನ್ನು ಕೈಹಿಡಿದು ಕರೆದುಕೊಂಡು ಹೋದವಳು ನಾನೇ. ಮೇಜಿನ ಮೇಲೆ ಆ ಕಾರ್ಡು ಇಟ್ಟಿದ್ದರು. ವೀರಣ್ಣ ಗಿರಾಕಿಗಳ ಮುಂದೆಯೇ ಹೇಳಿದ: "ಕಾರ್ಡು ನೆಟ್ಟಗ ಇತ್ತು ಸಾವ್ಕಾರ್ರ, ನೀವ ನೋಡೀರಿ. ಇಂಥಾರ ಕೈಯಾಗ ಪೆನ್ನು ಕೊಟ್ರ ಹಿಂಗ ಆಗೋದು." 'ಇಂಥಾರು' ಅಂದರೆ ಯಾರು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ನಮ್ಮ ಕೇರಿಯ ಜನ. ಸಾವ್ಕಾರರು ತಲೆ ತಗ್ಗಿಸಿದರೇ ಹೊರತು ಆ ಮಾತನ್ನು ತಡೆಯಲಿಲ್ಲ. ಅಪ್ಪ ಕಾರ್ಡನ್ನು ನೋಡಿದ, ನನ್ನನ್ನು ಒಮ್ಮೆ ನೋಡಿದ. ಜೇಬಿನ ಪೆನ್ನು ತೆಗೆದು ಮೇಜಿನ ಮೇಲಿಟ್ಟು ಹೊರಗೆ ಬಂದ. ಇಪ್ಪತ್ತೆಂಟು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು.

ಕಾರ್ಡನ್ನು ನೆಟ್ಟಗೆ ಮಾಡಿದವನು ವೀರಣ್ಣನೇ ಎಂದು ನಾನು ಅವತ್ತೇ ತೀರ್ಮಾನಿಸಿದೆ. ಕೆಟ್ಟ ಮಾಲು ಖರ್ಚು ಮಾಡಿ ಸಾವ್ಕಾರರಿಂದ ಭೇಷ್ ಅನ್ನಿಸಿಕೊಳ್ಳಬೇಕಿತ್ತು, ನೆಟ್ಟಗೆ ಮಾಡಿದ, ಸಿಕ್ಕಿಬಿದ್ದಾಗ ಅಪ್ಪನ ತಲೆಗೆ ಕಟ್ಟಿದ. ಇದರಲ್ಲಿ ನನಗೆ ಕೂದಲೆಳೆಯಷ್ಟೂ ಅನುಮಾನ ಇರಲಿಲ್ಲ. ಅಪ್ಪ ಆಮೇಲೆ ಬಜಾರಿನ ದಾರಿ ಹಿಡಿಯುವುದನ್ನೇ ಬಿಟ್ಟ. ಬಸ್ ಸ್ಟ್ಯಾಂಡಿಗೆ ಹೋಗಬೇಕಾದರೂ ಹಿಂದಿನ ಓಣಿಯಿಂದ ಸುತ್ತುಹಾಕಿ ಹೋಗುತ್ತಿದ್ದ. ಒಂದು ಹೈಸ್ಕೂಲಿನಲ್ಲಿ ಪುಸ್ತಕ ಜೋಡಿಸುವ ಕೆಲಸ ಹಿಡಿದ. ನಾನು ಮಾತ್ರ ವೀರಣ್ಣನ ಹೆಸರನ್ನು ಬಾಯಿಪಾಠ ಮಾಡಿಕೊಂಡೇ ಓದಿದೆ, ಪರೀಕ್ಷೆ ಪಾಸು ಮಾಡಿದೆ, ದಾವಣಗೆರೆಯಲ್ಲಿ ಕೆಲಸ ಹಿಡಿದೆ. ಅವನು ಹಾಳಾಗುವುದನ್ನು ಕಣ್ಣಾರೆ ನೋಡಬೇಕು ಎಂಬ ಆಸೆ ಒಂದು ದಿನವೂ ತಣ್ಣಗಾಗಲಿಲ್ಲ.

ನನ್ನ ಕೆಲಸ ಏನೆಂದು ಸ್ವಲ್ಪ ಹೇಳಬೇಕು. ಬೇರೆಯವರು ಮಾಡಿದ ಡೇಟಾಬೇಸುಗಳನ್ನು ಮುರಿದು ನೋಡುವುದು ನಮ್ಮ ಕಚೇರಿಯ ಕಸುಬು. ನಾನು ನೋಡುತ್ತಿದ್ದದ್ದು ತೀರ ಸರಳವಾದ ಒಂದು ಬಗೆ. ಒಂದು ನಂಬರು ಕೊಟ್ಟರೆ ಅದರ ಕೆಳಗೆ ಬರೆದಿಟ್ಟದ್ದನ್ನು ವಾಪಸು ಕೊಡುವುದು, ಅಷ್ಟೇ, ಅಪ್ಪನ ಡ್ರಾಯರು ಇದ್ದ ಹಾಗೆ. ಒಂದೇ ಯಂತ್ರದಲ್ಲಿ ಎಲ್ಲ ಇಡದೆ ಹಲವು ಊರಿನ ಯಂತ್ರಗಳಲ್ಲಿ ನಕಲು ಇಡುತ್ತಾರೆ, ಅವು ಫೋನ್ ಲೈನಿನ ಮೇಲೆ ಒಂದಕ್ಕೊಂದು ಸುದ್ದಿ ಹೇಳಿಕೊಳ್ಳುತ್ತವೆ. ಇಂಥದ್ದರ ಮೇಲೆ ಸಂತೆಯ ದಿನದ ನೂರು ಪಟ್ಟು ಪ್ರಶ್ನೆಗಳನ್ನು ಸುರಿಯುವುದು, ವಯರ್ ಕೀಳುವುದು, ಡಿಸ್ಕು ತುಂಬಿಸುವುದು, ಆಗ ಯಂತ್ರ ಸುಳ್ಳು ಹೇಳುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಆಮೇಲೆ ಎಷ್ಟನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಎಷ್ಟು ಹೊತ್ತಿಗೊಮ್ಮೆ ಡಿಸ್ಕಿಗೆ ಬರೆಯಬೇಕು ಎಂಬುದನ್ನೆಲ್ಲ ತಿರುಪು ತಿರುಗಿಸಿದ ಹಾಗೆ ಹದ ಮಾಡುವುದು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿದ್ದಾಗ ಒಂದು ದಿನ ನಮ್ಮ ಕಚೇರಿಗೆ ಬಂದ ಕಾಗದದಲ್ಲಿ ಕೊಟ್ಟೂರಿನ ವಿಳಾಸ ಇತ್ತು. ಸಾವ್ಕಾರರು ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಿ ಐದೂ ಅಂಗಡಿಗೆ ಹೊಸ ಯಂತ್ರ ಕೂರಿಸಿದ್ದರು, ಮುಂದೆ ನಿಂತು ಮಾಡಿಸಿದವನು ವೀರಣ್ಣ. ಹೊಸ ವ್ಯವಸ್ಥೆಯನ್ನು ಪರೀಕ್ಷೆ ಮಾಡಿ ಕೊಡಬೇಕಿತ್ತು. ಕೆಲಸ ನನಗೇ ಬೇಕು ಎಂದು ಕೇಳಿ ತೆಗೆದುಕೊಂಡೆ. ಅಂಗಡಿಯಲ್ಲಿ ನನ್ನನ್ನು ನೋಡಿದ ಕೂಡಲೇ ವೀರಣ್ಣನ ಮುಖ ಬಿಳಿಚಿಕೊಂಡಿತು. "ಈಕಿ ಬ್ಯಾಡ್ರಿ, ಬ್ಯಾರೆ ಯಾರನ್ನಾದ್ರೂ ಕಳಸ್ರಿ ಅನ್ರಿ" ಎಂದು ಸಾವ್ಕಾರರ ಕಿವಿಯಲ್ಲಿ ಅಂದದ್ದು ನನಗೂ ಕೇಳಿಸಿತು. ಸಾವ್ಕಾರರು, "ದುರುಗಪ್ಪನ ಮಗಳು ಇಷ್ಟು ಮ್ಯಾಲೆ ಬಂದಾಳ, ಮಾಡ್ಲಿ ಬಿಡೋ" ಎಂದರು. ಅವರಿಗೆ ಒಳಗೊಳಗೆ ಅಳುಕು ಇತ್ತೆಂದು ನನಗೆ ಅನ್ನಿಸಿತು.

ಅರ್ಧ ಕೆಲಸ ಪ್ರಾಮಾಣಿಕವಾಗಿಯೇ ಮಾಡಿದೆ. ಕೂಡ್ಲಿಗಿಯ ಯಂತ್ರ ಪ್ರತಿ ಸಾಲನ್ನೂ ಅಲ್ಲಲ್ಲೇ ಡಿಸ್ಕಿಗೆ ಬರೆಯುತ್ತ ಏದುಸಿರು ಬಿಡುತ್ತಿತ್ತು, ಅದನ್ನು ಸರಿ ಮಾಡಿದೆ. ಹರಪನಹಳ್ಳಿಯ ಫೋನ್ ಲೈನು ಕಡಿದಾಗ ಅದು ಕೇಳಿದ್ದನ್ನೇ ಕೇಳುತ್ತ ಉಳಿದವರನ್ನೂ ಕೆಡಿಸುತ್ತಿತ್ತು, ಅದಕ್ಕೂ ಒಂದು ಮಿತಿ ಹಾಕಿದೆ. ಹೀಗೆ ನೋಡುತ್ತ ಹೋದಾಗ ಎರಡನೇ ದಿನ ನನಗೆ ಬೇಕಾದದ್ದು ಸಿಕ್ಕಿತು. ಈ ವ್ಯವಸ್ಥೆಯಲ್ಲೂ ಅಳಿಸಿದ್ದನ್ನು ತಕ್ಷಣ ಎಸೆಯುವುದಿಲ್ಲ, 'ಸತ್ತಿದೆ' ಎಂದು ಗುರುತು ಹಾಕಿ ಇಡುತ್ತಾರೆ. ಆ ಗುರುತನ್ನು ಎಷ್ಟು ದಿನ ಇಡಬೇಕು ಎಂಬುದಕ್ಕೆ ಬರೆದದ್ದು ಹತ್ತು ದಿನ. ಡಿಸ್ಕು ಉಳಿಯುತ್ತದೆಂದು ಹತ್ತು ಸಾಕು ಎಂದು ರುಜು ಹಾಕಿದವನು ವೀರಣ್ಣ. ಯಾವುದಾದರೂ ಒಂದು ಊರಿನ ಯಂತ್ರ ಹತ್ತು ದಿನಕ್ಕಿಂತ ಹೆಚ್ಚು ಕಾಲ ಕೆಟ್ಟು ಕೂತರೆ ಅದಕ್ಕೆ ಸಾವಿನ ಸುದ್ದಿ ಮುಟ್ಟುವುದೇ ಇಲ್ಲ. ಮತ್ತೆ ಎದ್ದಾಗ ಅದು, 'ನನ್ನ ಹತ್ತಿರ ಇದು ಇದೆ' ಎಂದು ಉಳಿದ ನಾಲ್ಕಕ್ಕೂ ಹೇಳುತ್ತದೆ. ಗುರುತನ್ನು ಆಗಲೇ ಎಸೆದಿರುವ ಆ ನಾಲ್ಕೂ ಅದನ್ನು ನಂಬುತ್ತವೆ.

ಇಪ್ಪತ್ತೆಂಟು ವರ್ಷ ಅಪ್ಪ ಆಗದಂತೆ ಕಾದದ್ದು ಇದನ್ನೇ. ಇದೇ ಜಾಗದಲ್ಲಿ ವೀರಣ್ಣನನ್ನು ಬೀಳಿಸಬೇಕು ಎಂದು ನಿರ್ಧರಿಸಿದೆ. ಸಾವ್ಕಾರರ ಕಣ್ಣೆದುರಿಗೆ ಸತ್ತ ಸಾಮಾನು ಎದ್ದು ಕೂರಬೇಕು, ಅವರಿಗೆ ಆ ಬ್ರೇಕಿನ ಕಾರ್ಡು ನೆನಪಾಗಬೇಕು, ಆಮೇಲೆ ನಾನು ಆಡಬೇಕಾದ ಮಾತು ಆಡುತ್ತೇನೆ. ಬರೀ ಪರೀಕ್ಷೆಗೆಂದು ನೂರು ಸುಳ್ಳು ನಂಬರುಗಳನ್ನು ತುಂಬಿ ಐದೂ ಊರಿಗೆ ಮುಟ್ಟಿಸಿದೆ. ಹಡಗಲಿಯ ಕೌಂಟರಿನಲ್ಲಿ ಮೆಹಬೂಬ್ ಎಂಬುವರಿದ್ದರು, ಮೊದಲು ಮೆಕ್ಯಾನಿಕ್ ಆಗಿದ್ದವರು, ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ. ಅವರಿಗೆ ಫೋನು ಮಾಡಿ ಯಂತ್ರದ ಪ್ಲಗ್ಗು, ಫೋನಿನ ತಂತಿ ಎರಡನ್ನೂ ಕೀಳಿಸಿದೆ. ಆಮೇಲೆ ಉಳಿದ ನಾಲ್ಕು ಊರಿನಲ್ಲಿ ಆ ನೂರನ್ನು ಅಳಿಸಿದೆ. ಹನ್ನೆರಡು ದಿನ ಬಿಟ್ಟು ಮತ್ತೆ ಬರುತ್ತೇನೆ, ಸಾವ್ಕಾರರೂ ವೀರಣ್ಣನವರೂ ಇರಬೇಕು ಎಂದು ಹೇಳಿ ದಾವಣಗೆರೆಗೆ ಹೋದೆ. ಆ ಹನ್ನೆರಡು ದಿನ ನನಗೆ ಹಬ್ಬಕ್ಕೆ ಕಾದ ಹಾಗೆ ಇತ್ತು.

ಹೇಳಿದ ದಿನ ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಪರೀಕ್ಷೆ ಶುರು ಮಾಡಿದೆ. ಏಪ್ರಿಲ್ ಬಿಸಿಲು, ಶೆಟರ್ ಅರ್ಧ ಇಳಿಸಿದ್ದರು, ಮೇಲೆ ಫ್ಯಾನು ತಿರುಗುತ್ತಿತ್ತು. ನನ್ನ ಪಕ್ಕದ ಕುರ್ಚಿಯಲ್ಲಿ ಸಾವ್ಕಾರರು, ಮೇಜಿನ ಆಚೆ ಬದಿ ವೀರಣ್ಣ. ಮೊದಲು ನಾಲ್ಕು ಯಂತ್ರಗಳ ಮೇಲೆ ಪ್ರಶ್ನೆಗಳ ಹೊರೆ ಹಾಕಿದೆ. ಕೇಳಬೇಕಾದ ನಂಬರುಗಳ ಪಟ್ಟಿ ಮಾಡುವಾಗ ಸಿಟ್ಟಿನಲ್ಲಿ ಒಂದು ಕೆಲಸ ಮಾಡಿದ್ದೆ. ಆ ಬ್ರೇಕ್ ಸಿಲಿಂಡರಿನ ಹಳೆಯ ನಂಬರನ್ನು ಪಟ್ಟಿಯಲ್ಲಿ ಸೇರಿಸಿ, ಅದನ್ನೇ ಹೆಚ್ಚು ಸಲ ಕೇಳುವಂತೆ ಇಟ್ಟಿದ್ದೆ. ಹೊಸ ವ್ಯವಸ್ಥೆಯಲ್ಲಿ ಆ ನಂಬರು ಇರಲೇ ಇಲ್ಲ, ಯಾರೂ ಅದನ್ನು ತುಂಬಿರಲಿಲ್ಲ. 'ಇಲ್ಲ' ಎಂದೇ ಉತ್ತರ ಬರಬೇಕು. ವೀರಣ್ಣನ ಯಂತ್ರಗಳು ಸಾವಿರ ಸಲ ಆ ನಂಬರಿನ ಮುಂದೆ 'ಇಲ್ಲ, ಇಲ್ಲ' ಎನ್ನುವುದನ್ನು ನೋಡುವ ಒಂದು ಹುಚ್ಚು ಸಮಾಧಾನ, ಅಷ್ಟೇ.

ಪರದೆಯ ಮೇಲೆ ಸಾಲುಗಳು ಓಡುತ್ತಿದ್ದವು. ಯಾವ ಊರು ಉತ್ತರ ಕೊಟ್ಟಿತು, ಏನು ಕೊಟ್ಟಿತು ಎಂದು ಪ್ರತಿ ಸಾಲಿನಲ್ಲೂ ಇರುತ್ತದೆ. ಕೊಟ್ಟೂರು, ಇಲ್ಲ. ಕೂಡ್ಲಿಗಿ, ಇಲ್ಲ. ಹಗರಿಬೊಮ್ಮನಹಳ್ಳಿ, ಇಲ್ಲ. ಹರಪನಹಳ್ಳಿ, ಇಲ್ಲ. ಇದ್ದಕ್ಕಿದ್ದ ಹಾಗೆ ಒಂದು ಸಾಲು ಉದ್ದವಾಗಿ ಬಂತು. ಆ ನಂಬರಿಗೆ 'ಸಿಕ್ಕಿತು' ಎಂದು ಬಂದರೆ ನಿಲ್ಲು ಎಂದು ನಾನೇ ಬರೆದಿದ್ದರಿಂದ ಓಟ ಅಲ್ಲಿಗೇ ನಿಂತಿತು. ಉತ್ತರ ಕೊಟ್ಟ ಊರು ಹಡಗಲಿ. ನಾವು ಆಗ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡುತ್ತಿದ್ದೆವು, ಇದೂ ಹಾಗೇ ಇತ್ತು. ಬರೆದದ್ದು ಇಷ್ಟು: 'ಹಡಗಲಿ. ಹಿಂದಿನ ಕೋಣಿ. ಆರು. ತಿರುವಿದ ಕೈ ದುರುಗಪ್ಪ. ನೆಟ್ಟಗಿಟ್ಟ ಕೈ ಸಣ್ಣಿ.'

ಸಣ್ಣಿ ಎಂದರೆ ನಾನು. ಶಾಲೆಯ ಹೆಸರಲ್ಲ, ಮನೆಯ ಹೆಸರು. ಅವ್ವ ತೀರಿಕೊಂಡ ಮೇಲೆ ಆ ಹೆಸರಿನಿಂದ ನನ್ನನ್ನು ಕರೆಯುತ್ತಿದ್ದವನು ಅಪ್ಪ ಒಬ್ಬನೇ.

ಫೋನು ತೆಗೆದು ಹಡಗಲಿಗೆ ಮಾಡಿದೆ. "ಮೆಹಬೂಬ್, ಪ್ಲಗ್ ಹಾಕೀರೇನು?"

"ಇಲ್ರಿ ಮೇಡಮ್. ನೀವು ಹೇಳೋ ತನಕ ಹಾಕಬ್ಯಾಡ ಅಂದಿದ್ರಲ್ಲ. ಎರಡೂ ವಯರ್ ಸುತ್ತಿ ಮೇಜಿನ ಮ್ಯಾಲೆ ಇಟ್ಟೀನಿ, ಇಲ್ಲೇ ಅದಾವ. ಅಲ್ಲದ ಇಲ್ಲಿ ಬೆಳಗ್ಗಿಂದ ಕರೆಂಟೂ ಇಲ್ಲ."

ಆಗ ನನಗೆ ನೆನಪಾಯಿತು. ಆ ಬೇಸಿಗೆ ರಜೆಯಲ್ಲಿ ನಾನು ಒಂದೊಂದು ಡ್ರಾಯರಿನ ಕಾರ್ಡನ್ನೂ ಪೂರ್ತಿ ಹೊರಗೆ ತೆಗೆದು, ಬೇಗ ಟೈಪ್ ಆಗಲಿ ಎಂದು ಎಲ್ಲದರ ತಲೆ ಒಂದೇ ಕಡೆ ಮಾಡಿ, ಮೇಜಿನ ಮೇಲೆ ತಟ್ಟಿ ಸಮ ಮಾಡಿ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಳ್ಳುತ್ತಿದ್ದೆ. ಟೈಪ್ ಆದ ಮೇಲೆ ಹಾಗೇ ವಾಪಸು ಇಡುತ್ತಿದ್ದೆ. ತಿರುವಿದ ಕಾರ್ಡಿನ ಅರ್ಥ ಗೊತ್ತಿದ್ದವಳೇ ನಾನು. ತಲೆಕೆಳಗಾದವನ್ನು ನೆನಪಿಟ್ಟುಕೊಂಡು ಹಾಗೇ ಇಡುತ್ತೇನೆ ಎಂದು ಶುರುವಿನಲ್ಲಿ ಅಂದುಕೊಂಡಿದ್ದೆ. ಎರಡು ದಿನ ಇಟ್ಟೆನೋ ಏನೋ. ಆಮೇಲೆ ಕೈ ವೇಗವಾಯಿತು, ಬೇಗ ಮುಗಿಸುತ್ತೀಯಲ್ಲ ಎಂದು ಸಾವ್ಕಾರರು ಹೊಗಳಿದರು. ಇಷ್ಟು ವರ್ಷ ಇದನ್ನು ಮರೆತಿದ್ದೆನೋ ಅಥವಾ ಮರೆಯುವುದೇ ಒಳ್ಳೆಯದೆಂದು ಬಿಟ್ಟಿದ್ದೆನೋ, ಪ್ರಾಮಾಣಿಕವಾಗಿ ನನಗೆ ಗೊತ್ತಿಲ್ಲ.

"ಏನ್ ಬಂತವ್ವ, ನಿಂತುಬಿಡ್ತಲ್ಲ?" ಎಂದು ಸಾವ್ಕಾರರು ಕನ್ನಡಕ ಹುಡುಕಿದರು. ಅವರು ಕನ್ನಡಕ ಏರಿಸುವಷ್ಟರಲ್ಲಿ ನಾನು ಒಂದು ಗುಂಡಿ ಒತ್ತಿ ಪರದೆಯನ್ನು ಖಾಲಿ ಮಾಡಿದೆ. "ಏನಿಲ್ರಿ, ಲೈನ್ ಕೈಕೊಟ್ತು" ಎಂದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಪರೀಕ್ಷೆ ಇವತ್ತು ಆಗುವುದಿಲ್ಲ ಎಂದು ಎದ್ದು ಬರಬಹುದಿತ್ತು. ಆದರೆ ಮೇಜಿನ ಆಚೆ ವೀರಣ್ಣ ಕೂತಿದ್ದ. ಕಾರ್ಡನ್ನು ನೆಟ್ಟಗೆ ಮಾಡಿದ್ದು ಅವನಲ್ಲ, ಸರಿ. ಆದರೆ 'ಇಂಥಾರ ಕೈಯಾಗ ಪೆನ್ನು' ಎಂದವನು ಅವನೇ. ಆ ಮಾತನ್ನು ಯಾರೂ ಅವನ ಬಾಯಿಗೆ ತುರುಕಿರಲಿಲ್ಲ. ಇಷ್ಟು ವರ್ಷ ಹೊತ್ತು ತಂದ ಸಿಟ್ಟನ್ನು ಒಂದು ಸಾಲಿನ ಉತ್ತರಕ್ಕಾಗಿ ಕೆಳಗಿಡಲು ನನಗೆ ಮನಸ್ಸಾಗಲಿಲ್ಲ. ಹಡಗಲಿಗೆ ಮತ್ತೆ ಫೋನು ಮಾಡಿ, ಅಂಗಡಿಯ ಜನರೇಟರ್ ಹಚ್ಚಿ ಪ್ಲಗ್ಗು, ತಂತಿ ಎರಡನ್ನೂ ಹಾಕಲು ಹೇಳಿದೆ.

ನಾನು ಎಣಿಸಿದ ಹಾಗೇ ಆಯಿತು. ಅಳಿಸಿದ್ದ ನೂರೂ ಒಂದೊಂದಾಗಿ ಎದ್ದು ಐದೂ ಊರಿನಲ್ಲಿ ಹರಡಿಕೊಂಡವು. ಸಾವ್ಕಾರರಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದೆ. ಹತ್ತು ದಿನ ಎಂದು ರುಜು ಹಾಕಿದ ಕಾಗದವನ್ನೂ ತೋರಿಸಿದೆ. ಅವರು ಆ ಕಾಗದವನ್ನು ಮೇಜಿನ ಮೇಲಿಟ್ಟು, "ಹಂಗಾರ ಅವತ್ತು ಆ ಬ್ರೇಕಿನ ಕಾರ್ಡು?" ಎಂದರು. ಆ ಪ್ರಶ್ನೆಗಾಗಿಯೇ ನಾನು ಕಾದಿದ್ದೆ.

"ಕಾರ್ಡು ಕಂಪ್ಯೂಟರ್ ಅಲ್ರಿ ಸಾವ್ಕಾರ್ರ. ತಾನಾಗಿ ಎದ್ದು ನಿಂದ್ರಲ್ಲ, ಯಾರೋ ಎಬ್ಬಿಸಿರಬೇಕು. ಅವತ್ತು ಡ್ರಾಯರ್ ತೆಗದವ್ರು ಯಾರು ಅಂತ ನಿಮಗ ಗೊತ್ತೈತಿ" ಎಂದೆ. ಹೇಳಿ ವೀರಣ್ಣನ ಮುಖ ನೋಡಿದೆ.

ಅದರಲ್ಲಿ ಒಂದು ಮಾತೂ ಸುಳ್ಳಲ್ಲ, ಒಟ್ಟಾರೆ ಅಷ್ಟೂ ಸುಳ್ಳು. ವೀರಣ್ಣ ಎದ್ದು ನಿಂತ. "ನನ್ನ ಮಕ್ಕಳಾಣೆ, ನಾ ಮುಟ್ಟಿಲ್ಲ ಸಾವ್ಕಾರ್ರ" ಎಂದ. ಸಾವ್ಕಾರರು ಬೀಗದ ಕೈ ಗೊಂಚಲು ಮೇಜಿನ ಮೇಲೆ ಇಟ್ಟು ಹೋಗು ಎಂದರು. ನನಗೆ ಖುಷಿಯಾಯಿತು. ಅದನ್ನು ಮುಚ್ಚಿಟ್ಟರೆ ಇಷ್ಟೆಲ್ಲ ಬರೆದು ಪ್ರಯೋಜನವಿಲ್ಲ. ಹಸಿದವಳು ಉಂಡ ಹಾಗೆ ಹೊಟ್ಟೆ ತುಂಬಿತು. "ನಾಳೆ ನಾನೇ ಬಂದು ದುರುಗಪ್ಪನ್ನ ಅಂಗಡಿಗೆ ಕರಕೊಂಡು ಬರತೀನಿ" ಎಂದು ಸಾವ್ಕಾರರು ನನ್ನ ಕೈ ಹಿಡಿದು ಹೇಳಿದರು.

ಸಂಜೆ ಮನೆಗೆ ಹೋದಾಗ ಅಪ್ಪ ಕಟ್ಟೆಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ಎಲ್ಲವನ್ನೂ ಹೇಳಿದೆ, ಹಡಗಲಿಯಿಂದ ಬಂದ ಸಾಲನ್ನು ಬಿಟ್ಟು. ಅವನ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅವನು ಮೊರವನ್ನು ಪಕ್ಕಕ್ಕಿಟ್ಟ.

"ವೀರಣ್ಣ ಮಾಡಿಲ್ಲ ಸಣ್ಣಿ."

"ನಿನಗ ಹೆಂಗ ಗೊತ್ತು?" ಎಂದೆ. ಗೊತ್ತಿದ್ದೂ ಕೇಳಿದೆ.

"ನೀ ಟೈಪ್ ಮಾಡಿ ಹೋದ ಮ್ಯಾಲೆ ಡ್ರಾಯರ್ ನೋಡಿದ್ನಿ. ಎಲ್ಲಾ ನೆಟ್ಟಗ ಆಗಿದ್ವು. ನೆನಪಿದ್ದಷ್ಟು ಮತ್ತ ತಿರುವಿದ್ನಿ. ಅದೊಂದು ತಪ್ಪಿಹೋಗೇತಿ. ಅವತ್ತು ಮೇಜಿನ ಮ್ಯಾಲೆ ಅದನ್ನ ನೋಡಿದ ಕೂಡ್ಲೆ ಗೊತ್ತಾತು. ನಿನ್ನ ಹೆಸರು ಹೇಳಬೇಕಾಗಿತ್ತೇನು? ಓದೋ ಹುಡುಗಿ."

ನನಗೆ ಅಳು ಬಂತು. ಅಳುತ್ತಲೇ ಪರದೆಯ ಮೇಲೆ ಬಂದದ್ದನ್ನು ಹೇಳಿದೆ. ಯಾವತ್ತಾದರೂ, ಯಾವುದಾದರೂ ಕಾಗದದ ಮೇಲೆ ನನ್ನ ಹೆಸರು ಬರೆದಿದ್ದೆಯಾ ಎಂದು ಕೇಳಿದೆ. "ಹುಚ್ಚಿ, ಯಾರಿಗೂ ಗೊತ್ತಾಗಬಾರದು ಅಂತನ ಸುಮ್ಮನಿದ್ದವ ಬರದು ಇಡ್ತೀನೇನು?" ಎಂದ ಅಪ್ಪ. ವೀರಣ್ಣ ಆಡಿದ ಮಾತನ್ನು ನೆನಪಿಸಿ ನಾನು ವಾದ ಮಾಡಿದೆ, ಅವನಿಗೆ ಹೀಗೇ ಆಗಬೇಕಿತ್ತು ಎಂದೆ. "ಆ ಮಾತಿಗೆ ಬೇಕಾದ್ರ ಹೋಗಿ ಕೊರಳಪಟ್ಟಿ ಹಿಡಿ, ನಾನೂ ಬರತೀನಿ. ಮಾಡದ ತಪ್ಪಿಗೆ ಅವನ್ನ ಹೊರಗ ಹಾಕಸಬ್ಯಾಡ" ಎಂದು ಒಳಗೆ ಹೋದ.

ಮರುದಿನ ಬೆಳಿಗ್ಗೆ ಸಾವ್ಕಾರರು ಬರುವ ಮೊದಲೇ ಅಪ್ಪ ಬಿಳಿ ಅಂಗಿ ತೊಟ್ಟು ಹೊರಟ. ಅಷ್ಟು ವರ್ಷದ ಮೇಲೆ ಮೊದಲ ಸಲ ಬಜಾರಿನ ದಾರಿಯಲ್ಲೇ ನಡೆದ. ನಾನು ಹಿಂದೆ ಹೋದೆ. ಅಂಗಡಿಗೆ ಏಳು ಮೆಟ್ಟಿಲು. ಅವನು ಹತ್ತಿದ, ನಾನು ಕೆಳಗೆ ನಿಂತೆ. ಅಂಗಡಿಯ ಲೆಕ್ಕ ಒಪ್ಪಿಸಲು ಬಂದ ವೀರಣ್ಣನೂ ಒಳಗಿದ್ದ. "ಕಾರ್ಡು ತಿರುವೋದು ನಾನ ಮರ್ತಿದ್ನಿ ಸಾವ್ಕಾರ್ರ. ವೀರಣ್ಣಂದು ಏನೂ ತಪ್ಪಿಲ್ಲ" ಎಂದು ಅಪ್ಪ ಹೇಳುವುದು ಬೀದಿಗೆಲ್ಲ ಕೇಳಿಸಿತು. ಆಮೇಲೆ ವೀರಣ್ಣನ ಧ್ವನಿ ಬಂತು: "ನಾ ಅವತ್ತ ಹೇಳಿದ್ದಿಲ್ಲೇನ್ರಿ? ಇಂಥಾರನ್ನ ನಂಬಬಾರದು ಅಂತ."

ಹತ್ತಿ ಹೋಗಿ, ಅದನ್ನು ಮಾಡಿದವಳು ನಾನು ಎನ್ನಬೇಕಿತ್ತು. ಅಪ್ಪನ ಎದುರಿಗೆ ಆ ಮಾತನ್ನು ಎರಡನೇ ಸಲ ಆಡಿದವನ ಬಾಯಿ ಮುಚ್ಚಿಸಲಿಕ್ಕಾದರೂ ಹೇಳಬೇಕಿತ್ತು. ಆದರೆ ವೀರಣ್ಣನ ಮುಂದೆ ತಪ್ಪಿತಸ್ಥಳಾಗಿ ನಿಲ್ಲುವುದು ನನ್ನಿಂದ ಆಗಲಿಲ್ಲ. ಅಪ್ಪ ಇಳಿದು ಬಂದ. ಬರುವಾಗಲೂ ಬಜಾರಿನ ದಾರಿಯಲ್ಲೇ ಬಂದ, ಎದುರಿಗೆ ಸಿಕ್ಕವರನ್ನೆಲ್ಲ ಮಾತಾಡಿಸುತ್ತ. ನಾನು ತಲೆ ಎತ್ತದೆ ಹಿಂದೆ ನಡೆದೆ.

ಆ ಉತ್ತರದ ಬೆನ್ನು ನಾನು ಬಿಡಲಿಲ್ಲ. ವಾರಗಟ್ಟಲೆ ಹುಡುಕಿದೆ. ಹಳೆಯ ಕಂಪ್ಯೂಟರಿನಿಂದ ಹೇಗೋ ನುಸುಳಿ ಬಂದಿರಬಹುದು ಎಂದರೆ, ಅದರಲ್ಲಿ ನಂಬರು, ಊರು, ಸಂಖ್ಯೆ ಇಷ್ಟಕ್ಕೇ ಜಾಗ ಇತ್ತು, 'ಕೈ' ಎಂಬ ಸಾಲೇ ಇರಲಿಲ್ಲ. ನನ್ನ ಕಣ್ಣಿನ ಭ್ರಮೆ ಎನ್ನೋಣವೆಂದರೆ ಲಾಗ್ ಇದೆ. ಯಾವ ಹೊತ್ತಿಗೆ ಏನು ಕೇಳಿತು, ಯಾರು ಉತ್ತರ ಕೊಟ್ಟರು ಎಂದು ಯಂತ್ರ ತಾನೇ ಬರೆದುಕೊಳ್ಳುವ ದಿನಚರಿ ಅದು. ಅದರಲ್ಲಿ ಆ ನಂಬರು ಇದೆ, ಹಡಗಲಿ ಎಂದಿದೆ, ಸಿಕ್ಕಿತು ಎಂದಿದೆ. ಉತ್ತರದ ಮಾತುಗಳನ್ನು ಅದು ಬರೆದುಕೊಳ್ಳುವುದಿಲ್ಲ, ಎಷ್ಟು ಅಕ್ಷರ ಎಂದು ಮಾತ್ರ ಬರೆಯುತ್ತದೆ. ನಾನು ನೋಡಿದ ಸಾಲಿನ ಇಂಗ್ಲಿಷ್ ಅಕ್ಷರಗಳನ್ನು ಬೆರಳು ಮಡಿಚಿ ಎಣಿಸಿದೆ. ಎರಡು ಸಲ ಎಣಿಸಿದೆ. ಒಂದೂ ಹೆಚ್ಚು ಕಡಿಮೆ ಇರಲಿಲ್ಲ. ಮೆಹಬೂಬ್ ಈಗ ಹಡಗಲಿಯಲ್ಲಿ ಸ್ವಂತ ಗ್ಯಾರೇಜು ಇಟ್ಟಿದ್ದಾರೆ. ಯಾವಾಗ ಕೇಳಿದರೂ, "ವಯರ್ ಮೇಜಿನ ಮ್ಯಾಲೆ ಇದ್ವು ಮೇಡಮ್, ಅಲ್ಲಾನಾಣೆ" ಎನ್ನುತ್ತಾರೆ. ನನಗೆ ತಿಳಿಯುವುದೇ ಇಲ್ಲ.

ಅಪ್ಪ ಈಗಿಲ್ಲ. ಡ್ರೈವರ್ ಹನುಮಂತಪ್ಪ ಇದ್ದಾನೆ. ತಂಬ್ರಹಳ್ಳಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಪಂಕ್ಚರ್ ಅಂಗಡಿ ಹಾಕಿಕೊಂಡಿದ್ದಾನೆ. ಹೋದ ಸಲ ಆ ದಾರಿಯಲ್ಲಿ ಹೋಗುವಾಗ ಇಳಿದೇಬಿಡಬೇಕು ಎಂದು ಬಸ್ಸಿನ ಬಾಗಿಲ ತನಕ ಬಂದು ನಿಂತಿದ್ದೆ. ಊರುಗೋಲನ್ನು ಗೋಡೆಗೆ ಒರಗಿಸಿ ಟ್ಯೂಬಿಗೆ ಗಾಳಿ ಹಾಕುತ್ತಿದ್ದವನು ತಲೆ ಎತ್ತಿ ನನ್ನನ್ನು ನೋಡಿ, "ಯಾರು ಬೇಕಾಗಿತ್ರಿ ಅಕ್ಕಾರ?" ಎಂದು ಕೇಳಿದ.

"ಯಾರೂ ಇಲ್ರಿ" ಎಂದೆ. ಬಸ್ಸು ಹೊರಟಿತು.